ಒಡೆದ ಬಳೆ ಬಳೆಗಾರ್ತಿಯ ಲೆಕ್ಕಕ್ಕೆ

ಸರಸಂಬಾದಲ್ಲಿ ಇನ್ನೂ ನಸುಕು. ಆಳಂದಕ್ಕೆ ಹೋಗುವ ಮೊದಲ ಬಸ್ಸು ಬರುವುದರೊಳಗೆ ಬಳೆಗಾರ್ತಿ ಕರೀಮುನ್ನಿಸಾ ಒಂದು ಕೆಲಸ ಮುಗಿಸಬೇಕು. ಮಲ್ಕಮ್ಮನವರ ಎಡಗೈಯಲ್ಲಿರುವ ಹಸಿರು ಗಾಜಿನ ಬಳೆಗಳನ್ನು ಒಂದೂ ಒಡೆಯದಂತೆ ಕಳಚಬೇಕು. ಪಡಸಾಲೆಯಲ್ಲಿ ಒಂದು ಚಾಪೆ, ಪಕ್ಕದಲ್ಲಿ ತಾಟಿನ ತುಂಬ ಸಾಬೂನು ನೊರೆ. ಮಲ್ಕಮ್ಮ ತಲೆಯ ಸುತ್ತ ಸೆರಗು ಬಿಗಿದುಕೊಂಡು ಕೂತಿದ್ದಾರೆ, ಸೆರಗಿನೊಳಗೆ ಈಗ ಕೂದಲಿಲ್ಲ. ಗಂಡ ಅಣ್ಣಾರಾಯ ಬಟ್ಟೆಯ ಚೀಲ ಹಿಡಿದು ಅಂಗಳದಲ್ಲಿ ಅತ್ತಿಂದಿತ್ತ ಓಡಾಡುತ್ತಿದ್ದಾರೆ. ಅತ್ತೆ ರುಕ್ಮಿಣಿಬಾಯಿ ಬಾಗಿಲ ಚೌಕಟ್ಟಿಗೆ ಒರಗಿ ನಿಂತಿದ್ದಾರೆ, ಕಣ್ಣು ಸೊಸೆಯ ಕೈ ಮೇಲೆ.

ಇವತ್ತು ಮಲ್ಕಮ್ಮ ಕಲಬುರಗಿಯ ಆಸ್ಪತ್ರೆಗೆ ದಾಖಲಾಗುವ ದಿನ. ಎಡ ಎದೆಯ ಕ್ಯಾನ್ಸರಿಗೆ ಮೊದಲು ಕಿಮೋ ಕೊಟ್ಟಾಗಿದೆ, ಈಗ ಶಸ್ತ್ರಚಿಕಿತ್ಸೆ ಆಗಬೇಕು. ಥಿಯೇಟರಿನೊಳಕ್ಕೆ ಬಳೆ ತೊಟ್ಟು ಹೋಗುವಂತಿಲ್ಲ. ಸೂಜಿ ಚುಚ್ಚುವ ಬಲಗೈಯವನ್ನು ಮೊದಲ ಕಿಮೋ ಹೊತ್ತಿಗೇ ತೆಗೆದದ್ದಾಯಿತು, ಎಡಗೈಯವು ಮುತ್ತೈದೆತನಕ್ಕೆಂದು ಉಳಿದುಕೊಂಡವು. ಔಷಧಗಳಿಂದ ಕೈ ಊದಿ ಅವೀಗ ಮಣಿಕಟ್ಟನ್ನು ಕಚ್ಚಿ ಕೂತಿವೆ. ಬರದಿದ್ದರೆ ಒಡೆದು ತೆಗೆಯಬೇಕಾಗುತ್ತದೆ, ಮನೆಯಲ್ಲೇ ತೆಗೆಸಿಕೊಂಡು ಬನ್ನಿ ಎಂದು ನರ್ಸ್ ಮೊದಲೇ ಹೇಳಿ ಕಳಿಸಿದ್ದಾರೆ.

ಒಡೆಯುವ ಮಾತೇ ರುಕ್ಮಿಣಿಬಾಯಿಗೆ ಆಗಿಬರುವುದಿಲ್ಲ. ಅವರು ಕಂಡಂತೆ ಹೆಂಗಸಿನ ಕೈಬಳೆ ಒಡೆಯುವುದು ಗಂಡನ ಹೆಣ ಅಂಗಳದಲ್ಲಿದ್ದಾಗ. ಅಣ್ಣಾರಾಯ ಅವರಿಗೆ ಒಬ್ಬನೇ ಮಗ. ಒಂದು ಬಳೆ ಚಿಟ್ಟೆಂದರೂ ಸೊಸೆ ಹೊಸ್ತಿಲು ದಾಟಕೂಡದು ಎಂದು ನಿನ್ನೆಯೇ ಅಪ್ಪಣೆಯಾಗಿದೆ. ಇವತ್ತು ಬಸ್ಸು ತಪ್ಪಿದರೆ ಮಲ್ಕಮ್ಮ ಇನ್ನೊಂದು ದಿನ ಹೊರಡುವುದು ಸುಳ್ಳು. ಅದು ಕರೀಮುನ್ನಿಸಾ ಅವರಿಗೆ ಚೆನ್ನಾಗಿ ಗೊತ್ತು.

ಕೈ ಹಿಡಿಯುವುದರಲ್ಲಿ ಅವರಿಗೆ ಅವಸರವಿಲ್ಲ. ಮೊದಲು ಅಂಗೈಯನ್ನು ತಮ್ಮ ಮಡಿಲಲ್ಲಿಟ್ಟುಕೊಂಡು ಬೆರಳ ಬುಡಗಳನ್ನು ಮೆಲ್ಲಗೆ ತಿಕ್ಕುತ್ತಾರೆ. ಹೆಬ್ಬೆರಳನ್ನು ಅಂಗೈಯೊಳಗೆ ಮಡಿಸಿ, ನೊರೆ ಸವರಿ, ಬಳೆಯನ್ನು ತುಸು ಓರೆ ಮಾಡಿ ಒಂದೊಂದೇ ಗೆಣ್ಣು ದಾಟಿಸುತ್ತಾರೆ. ಜೊತೆಗೆ ಮಾತು ನಡೆದೇ ಇರುತ್ತದೆ. ಎಮ್ಮೆ ಎಷ್ಟು ಹಾಲು ಕೊಡುತ್ತದೆ, ತೊಗರಿ ಹೂ ಬಿಟ್ಟಿತೇ, ಎದುರು ಮನೆಯವಳ ಹೊಸ ಸೀರೆಗೆ ಆ ಬಣ್ಣ ಯಾಕೆ ಹೊಂದುವುದಿಲ್ಲ. ಮಾತಿನಲ್ಲಿ ಸಿಕ್ಕಿಬಿದ್ದವರ ಕೈ ಸಡಿಲಾಗುತ್ತದೆ, ಹೆದರಿದವರ ಕೈ ಕಟ್ಟಿಗೆಯಾಗುತ್ತದೆ ಎನ್ನುತ್ತಾರೆ ಅವರು.

ಐವತ್ತು ದಾಟಿದ ಕರೀಮುನ್ನಿಸಾ ಹುಟ್ಟಿದ್ದು ಅಫಜಲಪುರದ ಬಳೆಗಾರರ ಮನೆಯಲ್ಲಿ. ಮದುವೆಯಾಗಿ ಬಂದದ್ದು ಆಳಂದಕ್ಕೆ. ಗಂಡ ಗೌಸಮೊಹಿದ್ದೀನ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಸಣ್ಣ ಬಳೆ ಅಂಗಡಿ ನಡೆಸುತ್ತಾರೆ. ಹಳ್ಳಿ ತಿರುಗುವುದು ಕರೀಮುನ್ನಿಸಾ ಪಾಲಿಗೆ. ಬಳೆ ಪೋಣಿಸಿದ ಮಲಾರವನ್ನು ಹೆಗಲಿಗೆ ಹಾಕಿಕೊಂಡು ಹೆಂಗಸರು ಕೂಲಿಗೆ ಹೊರಡುವ ಮೊದಲೇ ಊರು ಮುಟ್ಟುತ್ತಾರೆ. ಬಿಸಿಲೇರಿದ ಮೇಲೆ ಹೋದರೆ ಸಿಗುವುದು ಮುದುಕಿಯರು ಮತ್ತು ನಾಯಿಗಳು, ಇಬ್ಬರೂ ಬಳೆ ಕೊಳ್ಳುವುದಿಲ್ಲ ಎಂದು ನಗುತ್ತಾರೆ.

ಎದೆಯ ಗಂಟಿಗೂ ಬಳೆಗಾರ್ತಿಗೂ ಎತ್ತಣ ಸಂಬಂಧ ಎಂದು ಯಾರಾದರೂ ಕೇಳಬಹುದು. ಸರಸಂಬಾದ ಆಶಾ ಕಾರ್ಯಕರ್ತೆ ಪಲ್ಲವಿ ಅದಕ್ಕೆ ಉತ್ತರ ಕೊಡುತ್ತಾರೆ. “ನಾ ಹೋದ್ರ ಪಡಸಾಲ್ಯಾಗ ಕುಂದ್ರಿಸಿ ಚಹಾ ಕೊಟ್ಟು ಕಳಸ್ತಾರ್ರಿ. ಆಕಿ ಸೀದಾ ಅಡಗಿಮನಿಗೇ ಹೋಗ್ತಾಳ. ಕೈ ಆಕಿ ಕೈಯಾಗಿರ್ತದ, ಗಂಡಸ್ರು ಯಾರೂ ಹತ್ರ ಸುಳಿಯಂಗಿಲ್ಲ. ನಂಗ ಹೇಳಲಾರದ್ದು ಆಕಿ ಮುಂದ ಹೇಳ್ತಾರ.” ಮಲ್ಕಮ್ಮ ಹೇಳಿದ್ದೂ ಹಾಗೆಯೇ. ಬಳೆ ತೊಡುತ್ತ ತೊಡುತ್ತ, ಕಂಕುಳ ಹತ್ತಿರ ಒಂದು ಗಡ್ಡೆ ಬಂದಿದೆ, ನೋಯುವುದಿಲ್ಲ, ಮೇಲಿನ ಚರ್ಮ ಮಾತ್ರ ಒಳಗೆ ಎಳೆದುಕೊಂಡಿದೆ ಎಂದು ಪಿಸುಗುಟ್ಟಿದರು. ಕರೀಮುನ್ನಿಸಾ ಅರ್ಧ ತೊಡಿಸಿದ ಬಳೆ ಅಲ್ಲಿಗೇ ಬಿಟ್ಟು ಪಲ್ಲವಿಯನ್ನು ಕರೆದು ತಂದರು.

ಕಲಬುರಗಿಯಲ್ಲಿ ವೈದ್ಯರು ಗಡ್ಡೆ ದೊಡ್ಡದಾಗಿದೆ, ಕಂಕುಳಿಗೂ ಹಬ್ಬಿದೆ ಎಂದರು. ಈಗಲೇ ಕೊಯ್ಯಲು ಹೋದರೆ ಪೂರ್ತಿ ತೆಗೆಯುವುದು ಕಷ್ಟ. ಮೊದಲು ಕಿಮೋ ಕೊಟ್ಟು ಕುಗ್ಗಿಸೋಣ, ಆಮೇಲೆ ಶಸ್ತ್ರಚಿಕಿತ್ಸೆ ಎಂದು ಬಿಡಿಸಿ ಹೇಳಿದರು. ಮಲ್ಕಮ್ಮ ಒಂದೊಂದು ಸರದಿಗೂ ಹೋದರು, ವಾಂತಿ ಮಾಡಿಕೊಂಡರು, ಕೂದಲು ಕಳೆದುಕೊಂಡರು. ಆದರೆ ಔಷಧ ಹಿಡಿಯಿತು. ಕೊನೆಯ ಸರದಿಯ ಹೊತ್ತಿಗೆ ಬೆರಳಿಟ್ಟು ಹುಡುಕಿದರೂ ಗಡ್ಡೆ ಸಿಗಲೊಲ್ಲದು.

ಎಡವಟ್ಟಾದದ್ದು ಇಲ್ಲಿಯೇ. ಗಡ್ಡೆ ಕರಗಿದ ಸಂತೋಷಕ್ಕೆ ರುಕ್ಮಿಣಿಬಾಯಿ ಮನೆದೇವರಿಗೆ ಹೊತ್ತಿದ್ದ ಹರಕೆಯನ್ನು ಕೂಡಲೇ ತೀರಿಸಿಬಿಟ್ಟರು. ಹೋಳಿಗೆ ಮಾಡಿ ನಾಲ್ಕು ಮನೆಗೆ ಬಡಿಸಿದರು. ಹರಕೆ ತೀರಿದ ಮೇಲೆ ಮತ್ತೆ ಆಪರೇಷನ್ ಎಂದು ಹೊರಟರೆ ದೇವರ ಮೇಲೆ ನಂಬಿಕೆಯಿಲ್ಲ ಎಂದಂತಾಗುವುದಿಲ್ಲವೇ? ಆಸ್ಪತ್ರೆಯಿಂದ ಫೋನು ಬಂತು, ಪಲ್ಲವಿ ಬಂದು ಹೋದರು. ಇಲ್ಲದ ಗಡ್ಡೆಯನ್ನು ಏನೆಂದು ಕೊಯ್ಯುತ್ತಾರೆ ಎಂಬುದು ಅತ್ತೆ ಸೊಸೆ ಇಬ್ಬರದೂ ಒಂದೇ ಪ್ರಶ್ನೆ. ಮಲ್ಕಮ್ಮ ಕಳೆ ತೆಗೆಯಲು ಹೊಲಕ್ಕೂ ಹೋಗಲು ಶುರು ಮಾಡಿದರು.

ಸುದ್ದಿ ಕರೀಮುನ್ನಿಸಾ ಅವರ ಕಿವಿಗೂ ಬಿತ್ತು. ಇದೇ ಹಬ್ಬವನ್ನು ಅವರ ಮನೆಯವರೂ ಒಮ್ಮೆ ಮಾಡಿದ್ದರು. ಅವರ ತಂಗಿ ಗುಲನಾಜಳನ್ನು ಕೊಟ್ಟದ್ದು ಜೇವರ್ಗಿಯಾಚೆ ಯಡ್ರಾಮಿಗೆ. ಆಕೆಗೂ ಇದೇ ಕಾಯಿಲೆ, ಇದೇ ಕ್ರಮದ ಚಿಕಿತ್ಸೆ. ಕಿಮೋಗೆ ಗಡ್ಡೆ ಕರಗಿತು. “ಸಕ್ರಿ ಮ್ಯಾಲ ಫಾತಿಹಾ ಓದ್ಸಿ ಓಣಿ ತುಂಬ ಹಂಚಿದ್ವಿ. ದವಾಖಾನಿ ಕಡಿ ಹೊಳ್ಳಿ ನೋಡ್ಲಿಲ್ಲ. ಒಂದು ವರ್ಷ ಚಲೋ ಇದ್ದಳ್ರಿ. ಆಮ್ಯಾಗ ಬಂತಲ್ಲ, ಅದು ಎದಿಗಷ್ಟೇ ಬರ್ಲಿಲ್ಲ.” ಗುಲನಾಜ ತೀರಿಹೋದ ಮೇಲೆ ಕರೀಮುನ್ನಿಸಾ ಬಹಳ ದಿನ ಮಲಾರ ಮುಟ್ಟಲಿಲ್ಲ. ಮತ್ತೆ ಹೆಗಲಿಗೇರಿಸಿದಾಗ ಕೇಳುವ ಪ್ರಶ್ನೆ ಒಂದು ಹೆಚ್ಚಾಗಿತ್ತು. ಬಳೆಯ ಬಣ್ಣ ಕೇಳಿದಷ್ಟೇ ಸಲೀಸಾಗಿ, ಎದೆಯಲ್ಲಿ ಎಲ್ಲಾದರೂ ಗಂಟು ಕೈಗೆ ಹತ್ತುತ್ತದೆಯೇ ಎಂದೂ ಕೇಳುತ್ತಾರೆ. ಬೈಸಿಕೊಂಡದ್ದೂ ಉಂಟು. ಬಳೆ ಮಾರಲು ಬಂದವಳಿಗೆ ಇಲ್ಲದ ಉಸಾಬರಿ ಯಾಕೆ ಎಂದು ಒಬ್ಬಾಕೆ ಮಲಾರವನ್ನೇ ಅಂಗಳಕ್ಕೆ ಎಸೆದಿದ್ದಳಂತೆ.

ಮಲ್ಕಮ್ಮನ ಮನೆಗೆ ಅವರು ಮಲಾರವಿಲ್ಲದೆ ಹೋದರು. ದೇವರ ಮಾತನ್ನು ಎತ್ತಲೇ ಇಲ್ಲ. ಹೊಲದ ಮಾತು ತೆಗೆದು ರುಕ್ಮಿಣಿಬಾಯಿಗೆ ಒಂದು ಮಾತು ಕೇಳಿದರು. “ಕರಿಕಿ ಮ್ಯಾಲೆ ಒಣಗ್ಯಾದ ಅಂತ ಅದರ ಬೇರ ಹೊಲದಾಗೇ ಬಿಡ್ತಿಯೇನ್ ಯವ್ವಾ ನೀ?” ರುಕ್ಮಿಣಿಬಾಯಿ ಜನ್ಮವಿಡೀ ಕರಿಕೆ ಹುಲ್ಲಿನ ಜೊತೆ ಗುದ್ದಾಡಿದವರು. ಎದ್ದು ಒಳಗೆ ಹೋದರು. ಎರಡು ದಿನದ ಮೇಲೆ ಅಣ್ಣಾರಾಯ ಆಳಂದದ ಅಂಗಡಿಗೆ ಬಂದು, ಅವ್ವ ಒಪ್ಪಿದ್ದಾಳೆ, ಆದರೆ ಬಳೆ ಒಡೆಯಬಾರದಂತೆ ಎಂದು ತಿಳಿಸಿದರು.

ಅದಕ್ಕೇ ಕರೀಮುನ್ನಿಸಾ ನಿನ್ನೆ ಸಂಜೆಯ ಬಸ್ಸಿಗೇ ಬಂದು ಉಳಿದದ್ದು, ಅದಕ್ಕೇ ಈ ನಸುಕು, ಈ ಸಾಬೂನು ನೊರೆ. ಪಡಸಾಲೆಗೆ ಈಗ ಬೆಳಕು ಬಂದಿದೆ. ಕಳಚಿದ ಬಳೆಗಳು ಒಂದರ ಪಕ್ಕ ಒಂದು ಬಿಳಿ ಅರಿವೆಯ ಮೇಲೆ ಮಲಗಿವೆ. ಉಳಿದದ್ದು ಒಂದೇ, ಊದಿದ ಮಣಿಕಟ್ಟಿಗೆ ಎಲ್ಲಕ್ಕಿಂತ ಒಳಗೆ ಕೂತದ್ದು. ಕರೀಮುನ್ನಿಸಾ ಮಾತು ನಿಲ್ಲಿಸಿದ್ದಾರೆ. ಬಳೆ ಹೆಬ್ಬೆರಳ ಬುಡ ದಾಟುತ್ತದೆ, ಮೊದಲ ಗೆಣ್ಣಿಗೆ ಬಂದು ನಿಲ್ಲುತ್ತದೆ. ದೂರದಲ್ಲಿ ಬಸ್ಸಿನ ಹಾರ್ನ್ ಕೇಳಿ ಮಲ್ಕಮ್ಮ ಬೆಚ್ಚಿ ಕೈ ಬಿಗಿಹಿಡಿಯುತ್ತಾರೆ. ಬಳೆ ಎರಡು ತುಂಡಾಗಿ ಚಾಪೆಗೆ ಬೀಳುತ್ತದೆ.

ಮಲ್ಕಮ್ಮ ಅತ್ತೆಯ ಮುಖ ನೋಡುತ್ತಾರೆ. ರುಕ್ಮಿಣಿಬಾಯಿ ಅಂಗಳದಲ್ಲಿರುವ ಮಗನ ಕಡೆ ನೋಡುತ್ತಾರೆ. ಅಣ್ಣಾರಾಯ ಕೈಯಲ್ಲಿದ್ದ ಚೀಲವನ್ನು ಕೆಳಗಿಡುತ್ತಾರೆ. ಕರೀಮುನ್ನಿಸಾ ಮಾತ್ರ ಏನೂ ಆಗದವರಂತೆ ತುಂಡುಗಳನ್ನು ಆಯ್ದು ತಮ್ಮ ಸೆರಗಿನ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ.

“ಬಳಿಗಾರ್ತಿ ಕೈಯಾಗ ಒಡದದ್ದು ಯಾರ ಲೆಕ್ಕಕ್ಕ ಯವ್ವಾ?” ಎಂದು ರುಕ್ಮಿಣಿಬಾಯಿಯನ್ನೇ ಕೇಳುತ್ತಾರೆ.

ಈ ಲೆಕ್ಕ ಇಲ್ಲಿಯ ಹೆಂಗಸರಿಗೆಲ್ಲ ಗೊತ್ತು. ತೊಡಿಸುವಾಗಲೋ ತೆಗೆಯುವಾಗಲೋ ಬಳೆಗಾರ್ತಿಯ ಕೈಯಲ್ಲಿ ಒಡೆದ ಬಳೆ ಬಳೆಗಾರ್ತಿಯದು. ತೊಟ್ಟವಳು ಅದಕ್ಕೆ ಕಾಸು ಕೊಡುವುದಿಲ್ಲ, ಅದರ ಒಳಿತು ಕೆಡುಕು ಅವಳಿಗೆ ಹತ್ತುವುದೂ ಇಲ್ಲ. ಮದುಮಗಳ ಕೈಗೆ ತೊಡಿಸುವಾಗ ಒಡೆದರೂ ಅಷ್ಟೇ, ಯಾರೂ ತಲೆಕೆಡಿಸಿಕೊಳ್ಳುವುದಿಲ್ಲ. ಹರೆಯದಿಂದ ಬಳೆ ತೊಡುತ್ತ ಬಂದ ರುಕ್ಮಿಣಿಬಾಯಿಗೆ ಇದನ್ನು ಹೊಸದಾಗಿ ಹೇಳಿಕೊಡಬೇಕಾಗಿಲ್ಲ.

“ನಿಂದು,” ಎನ್ನುತ್ತಾರೆ ರುಕ್ಮಿಣಿಬಾಯಿ.

“ನಂದು ಹೌದಲ್ಲ? ಹಂಗಾರ ಬಸ್ ಬಂತು, ಕಳಸು.”

ರುಕ್ಮಿಣಿಬಾಯಿ ಒಳಗೆ ಹೋಗಿ ಅರಿಶಿನ ತರುತ್ತಾರೆ. ಬರಿಗೈ ಕಾಣಬಾರದೆಂದು ಸೊಸೆಯ ಎರಡೂ ಮಣಿಕಟ್ಟಿಗೆ ದಪ್ಪಗೆ ಹಚ್ಚಿ, ತಾವೇ ಬಸ್ಸಿನ ತನಕ ಕೈ ಹಿಡಿದು ನಡೆಸಿಕೊಂಡು ಹೋಗುತ್ತಾರೆ. ಕಂಡಕ್ಟರ್ ಎರಡು ಸಲ ಸೀಟಿ ಊದಿದರೂ ಅವರ ನಡಿಗೆಯೇನೂ ಜೋರಾಗುವುದಿಲ್ಲ.

ಒಡೆದ ಬಳೆಯ ಕೆಡುಕು ಆಳಂದದ ಅಂಗಡಿಯನ್ನು ಇನ್ನೂ ಮುಟ್ಟಿಲ್ಲ. ಗೌಸಮೊಹಿದ್ದೀನ ಗಟ್ಟಿಮುಟ್ಟಾಗಿ ಕೂತು ಚಹಾ ಹೀರುತ್ತಿದ್ದಾರೆ. ಊರ ಗಂಡಸರ ಮೇಲಿನ ಗಂಡಾಂತರವನ್ನೆಲ್ಲ ಸೆರಗಿನಲ್ಲಿ ಕಟ್ಟಿ ತಂದು ನನ್ನ ತಲೆಗೆ ಸುರಿಯುತ್ತಾಳೆ ಎಂದು ಗಿರಾಕಿಗಳ ಮುಂದೆ ದೂರುತ್ತಾರೆ. ಹೆಂಡತಿ ಹಳ್ಳಿಗೆ ಹೊರಡುವ ದಿನ ಮಲಾರ ಎತ್ತಿ ಹೆಗಲಿಗೇರಿಸುವವರೂ ಅವರೇ.

ಕೆಲವು ವಾರಗಳ ಮೇಲೆ ಸರಸಂಬಾದಿಂದ ಬಳೆ ತೊಡಿಸಲು ಕರೆ ಬರುತ್ತದೆ. ಮಲ್ಕಮ್ಮನ ಶಸ್ತ್ರಚಿಕಿತ್ಸೆ ಮುಗಿದಿದೆ. ಕಣ್ಣಿಗೆ ಕರಗಿದಂತೆ ಕಂಡ ಗಡ್ಡೆಯ ಉಳಿಕೆ ಒಳಗೆ ಇದ್ದೇ ಇತ್ತು ಎಂದು ಪರೀಕ್ಷೆಯಲ್ಲಿ ಗೊತ್ತಾಗಿದೆ. ಇನ್ನಷ್ಟು ಔಷಧ ಬಾಕಿಯಿದೆ, ಮುಂದಿನದನ್ನು ಈಗಲೇ ಹೇಳಲಾಗದು ಎಂದಿದ್ದಾರಂತೆ ವೈದ್ಯರು. ಆದರೆ ರುಕ್ಮಿಣಿಬಾಯಿ ಈಗ ತಾರೀಖು ತಪ್ಪಿಸುವುದಿಲ್ಲ, ಸೊಸೆಗಿಂತ ಮೊದಲು ಅವರೇ ಬಸ್ಸಿಗೆ ತಯಾರಾಗಿರುತ್ತಾರೆ.

ಅದೇ ಪಡಸಾಲೆ, ಅದೇ ಚಾಪೆ. ಎಡಗೈಗೆ ಬಿಗಿಯಾದದ್ದೇನೂ ಬೇಡ, ಕೈ ಊದಬಾರದು ಎಂದು ನರ್ಸ್ ಹೇಳಿದ್ದಾರೆ, ಕರೀಮುನ್ನಿಸಾ ಅದನ್ನು ಖಾಲಿ ಬಿಡುತ್ತಾರೆ. ಸದ್ಯಕ್ಕೆ ಸೂಜಿಯ ಸರದಿ ಇಲ್ಲದ ಬಲಗೈಗೆ ಹಸಿರು ಬಳೆ ಏರಿಸುತ್ತಾರೆ. ಮಲ್ಕಮ್ಮನ ತಲೆಯಲ್ಲಿ ಎಳೆಯ ಕೂದಲು ಚಿಗುರಿದೆ, ಕೆನ್ನೆಗಳು ತುಂಬಿಕೊಂಡಿವೆ. ಯಾವುದೋ ಮಾತಿಗೆ ಅವರು ನಕ್ಕು ಕೈ ಅಲ್ಲಾಡಿಸುತ್ತಾರೆ, ಒಂದು ಬಳೆ ಚಿಟ್ಟೆಂದು ಒಡೆಯುತ್ತದೆ. ಬಾಗಿಲಲ್ಲಿ ನಿಂತ ರುಕ್ಮಿಣಿಬಾಯಿ ತಲೆಯೂ ಎತ್ತದೆ, ಅದು ನಿಂದೇ ಅಲ್ಲೇನು ಎಂದು ಕೇಳುತ್ತಾರೆ. ನಂದೇ ಎನ್ನುತ್ತ ಕರೀಮುನ್ನಿಸಾ ಮಲಾರದಿಂದ ಇನ್ನೊಂದು ಬಿಚ್ಚಿಕೊಳ್ಳುತ್ತಾರೆ.

ಹೀಗೆ ಒಡೆದದ್ದನ್ನೆಲ್ಲ ತಮ್ಮ ಪಾಲಿಗೆ ಹಾಕಿಕೊಂಡರೆ ಹೆದರಿಕೆಯಾಗುವುದಿಲ್ಲವೇ ಎಂದು ಕೇಳಿದರೆ, ಅವರು ಮೊದಲು ಆಳಂದದ ಬಸ್ಸು ಹತ್ತುತ್ತಾರೆ. ಕಿಟಕಿ ಪಕ್ಕ ಕೂತು, ಮಲಾರವನ್ನು ತೊಡೆಯ ಮೇಲಿಟ್ಟುಕೊಂಡ ಮೇಲೆ ಹೇಳುತ್ತಾರೆ.

“ಗುಲನಾಜ ತೀರಿದ ದಿನ ಆಕಿ ಮಯ್ಯತ್ ತೊಳಿಯೋ ಮುಂದ ಬಳಿ ನಾನೇ ತೆಗದೇನ್ರಿ. ಸಾಬೂನ್ ಬೇಕಾಗ್ಲಿಲ್ಲ. ಕೈ ಎತ್ತಿ ಕೆಳಗ ಇಳಿಬಿಟ್ಟೆ, ತಾವೇ ಜಾರಿ ಬಂದ್ವು. ಒಂದೂ ಒಡೀಲಿಲ್ಲ. ಕೈಯಾಗ ಮಾಂಸ ಇದ್ರನೇ ಬಳಿ ಒಡೀತಾವ್ರಿ. ಒಡೀಲಿ. ಎಷ್ಟು ಬೇಕಾದ್ರ ಅಷ್ಟು ನನ್ನ ಕೈಯಾಗ ಒಡೀಲಿ.”