ಕೇಳದೆ ಕೊಂಡ ಸೈಟು

ಇವತ್ತು ಬೆಳಿಗ್ಗೆ ಹೆಂಡತಿಯ ಮಂಡಿನೋವಿಗೆಂದು ಚನ್ನಗಿರಿಯಲ್ಲಿ ಡಾಕ್ಟರ ಬಳಿ ಹೋಗಿದ್ದೆವು, ಸ್ನೇಹಿತರೇ. ಎಕ್ಸ್‌ರೇ ನೋಡಿದ ಅವರು, "ಭಾಳ ನಡೀತಿದ್ರೇನಮ್ಮ?" ಎಂದರು.

"ಮನೆಯಿಂದ ಸ್ಕೂಲಿಗೆ, ಅಷ್ಟೇ ರೀ," ಎಂದಳು ಅವಳು. ನಾನು ಗೋಡೆಯ ಕ್ಯಾಲೆಂಡರ್ ನೋಡುತ್ತ ಕುಳಿತೆ.

ಎಂಬತ್ತಮೂರನೇ ಇಸವಿಯಲ್ಲಿ, ಊರಾಚೆಯ ಹೊಸ ಬಡಾವಣೆಯ ಕಡೆ ಬಸ್ ಸ್ಟ್ಯಾಂಡ್ ಬರುತ್ತದೆಂಬ ಸುದ್ದಿ ಸುಳ್ಳಾಗಿ, ಅಲ್ಲಿನ ಸೈಟುಗಳ ಬೆಲೆ ಬಿದ್ದುಹೋಗಿತ್ತು. ಅಗ್ಗಕ್ಕೆ ಒಂದು ಕೊಳ್ಳೋಣವೆಂದೆ. ಅವಳು ಊರೊಳಗಿನ ಶಾಲೆಯಲ್ಲಿ ಟೀಚರ್. "ಕೊಳ್ಳಾಕೆ ಮುಂಚೆ ನಾನೂ ಒಂದ್ಸಲ ನೋಡ್ತೀನಿ. ನೀರು ಹೆಂಗೈತೆ, ದಾರಿ ಹೆಂಗೈತೆ, ಅಲ್ಲಿರೋ ಹೆಂಗಸ್ರನ್ನ ಕೇಳಾಣ," ಎಂದಿದ್ದಳು. ನಾನು ಒಂದು ಸಂಜೆ ಸೈಕಲ್ಲಿನಲ್ಲಿ ಹೋದೆ. ತಣ್ಣನೆ ಗಾಳಿ ಬೀಸುತ್ತಿತ್ತು. ಅಷ್ಟಕ್ಕೇ ಒಪ್ಪಿ, ಅಡ್ವಾನ್ಸ್ ಕೊಟ್ಟೇ ಮನೆಗೆ ಬಂದೆ.

ಅವಳು ಜಗಳವಾಡಲಿಲ್ಲ. ಅಲ್ಲಿ ಮನೆ ಕಟ್ಟಿ ಹೋದ ಮೇಲೆ, ಆ ದಾರಿಗೆ ಆಟೋ ಬರುವ ತನಕ ಹದಿನೈದು ವರ್ಷ, ಶಾಲೆಗೆ ಹೋಗಿಬರಲು ದಿನಕ್ಕೆ ಆರು ಕಿಲೋಮೀಟರ್ ನಡೆದಳು. ನಾನು ಮಾತ್ರ ಎಂಥ ಜಾಗ ಹಿಡಿದೆ ನೋಡಿ ಎಂದು ನೆಂಟರೆದುರು ಹೇಳಿಕೊಂಡು ತಿರುಗಿದೆ.

ಇವತ್ತು ಮನೆಗೆ ಬಂದು ಅವಳ ಮಂಡಿಗೆ ಎಣ್ಣೆ ಹಚ್ಚುತ್ತಾ ಹೇಳಿದೆ: "ನಂದೇ ತಪ್ಪಾತು. ಈ ಮನೆ ಮಾರಿಬಿಡ್ತೀನಿ. ಪ್ಯಾಟೆ ಒಳಗೆ ಆಸ್ಪತ್ರೆ ಹತ್ರ ಒಂದು ಮನೆ ಹಿಡೀತೀನಿ."

ಅವಳು ಕಾಲನ್ನು ಮೆಲ್ಲಗೆ ಹಿಂದಕ್ಕೆಳೆದುಕೊಂಡಳು. "ಇದನ್ನೂ ನೀವೊಬ್ರೇ ತೀರ್ಮಾನ ಮಾಡಿಬಿಟ್ರಾ?"

ತಪ್ಪಾಯಿತು ಎನ್ನಲು ನನಗೆ ನಲವತ್ತು ವರ್ಷ ಬೇಕಾಯಿತು. ಕೇಳುವುದನ್ನು ಕಲಿಯಲು ಇನ್ನೆಷ್ಟು ಬೇಕೋ, ಅಷ್ಟು ಆಯುಸ್ಸು ಇಬ್ಬರಿಗೂ ಇರಲಿ.