ಗಾಬರಿಯಾಗಬೇಡಿ ಎಂದು ಕೂಗಿದ ಆಟೋ

ಜನ ಗಾಬರಿಯಾಗಬಾರದು ಎಂದರೆ ಏನು ಮಾಡಬಾರದು ಅಂತ ಯಾರಾದರೂ ನನ್ನನ್ನು ಕೇಳಲಿ, ದಿನವಿಡೀ ಹೇಳಬಲ್ಲೆ. ಮುದ್ದೇಬಿಹಾಳದ ಒಂದು ಸಣ್ಣ ಸಹಕಾರಿ ಬ್ಯಾಂಕಿನಲ್ಲಿ ನಾನಾಗ ಕ್ಲರ್ಕ್. ದೂರದ ಯಾವುದೋ ಊರಿನಲ್ಲಿ ಇಂಥದೇ ಒಂದು ಬ್ಯಾಂಕು ಬಾಗಿಲು ಹಾಕಿತ್ತು. ಅದಕ್ಕೂ ನಮಗೂ ಸಂಬಂಧವೇ ಇರಲಿಲ್ಲ. ಪೇಟೆ ಕದಡಬಾರದೆಂದು ಮುಂಬಯಿಯ ಕೇಂದ್ರ ಬ್ಯಾಂಕು ಒಂದು ಪ್ರಕಟಣೆ ಹೊರಡಿಸಿತು: ಬ್ಯಾಂಕುಗಳು ಸುಭದ್ರವಾಗಿವೆ, ಸಾರ್ವಜನಿಕರು ಗಾಬರಿಯಾಗಬಾರದು.

ಅದನ್ನು ಬಾಗಿಲಿಗೆ ಅಂಟಿಸಿ ಸುಮ್ಮನಿದ್ದರೆ ಯಾರೂ ಓದುತ್ತಿರಲಿಲ್ಲ, ಎಲ್ಲ ಸುಸೂತ್ರವಾಗುತ್ತಿತ್ತು. ನಮ್ಮ ಮ್ಯಾನೇಜರರಿಗೆ ಅಷ್ಟು ಸಾಲಲಿಲ್ಲ. ಭಾನುವಾರ ಒಂದು ಆಟೋಗೆ ಮೈಕು ಕಟ್ಟಿಸಿ ಹಳ್ಳಿ ಹಳ್ಳಿಗೆ ಕಳಿಸಿದರು. ನಮ್ಮ ಕಡೆ ಮೈಕಿನ ಆಟೋ ಬರುವುದೇ ಕರೆಂಟು ಇರುವುದಿಲ್ಲ, ನೀರು ಬರುವುದಿಲ್ಲ ಎಂದು ಹೇಳುವುದಕ್ಕೆ. "ನಿಮ್ಮ ರೊಕ್ಕಕ್ಕ ಏನೂ ಆಗೂದಿಲ್ಲರಿ, ಯಾರೂ ಗಾಬರಿ ಆಗಬ್ಯಾಡ್ರಿ" ಎಂದು ಅದು ಓಣಿ ಓಣಿಯಲ್ಲಿ ಕೂಗಿತು. ಅಲ್ಲಿಯವರೆಗೆ ಸುದ್ದಿಯೇ ಗೊತ್ತಿಲ್ಲದೆ ಕಟ್ಟೆಯ ಮೇಲೆ ಅಡ್ಡಾಗಿದ್ದವರೂ ಎದ್ದು ಕೂತರು.

ಮರುದಿನ ಸೋಮವಾರ. ಎತ್ತು ನಮಗೆ ಬಸವಣ್ಣ. ಸೋಮವಾರ ಅದರ ಹೆಗಲಿಗೆ ನೊಗ ಇಡುವುದಿಲ್ಲ. ಈಗ ಟ್ರ್ಯಾಕ್ಟರ್ ಇಟ್ಟವರೂ ಎಷ್ಟೋ ಮಂದಿ ಅಂದು ಹೊಲಕ್ಕೆ ಹೋಗುವುದಿಲ್ಲ. ಊರಿಗೆ ಊರೇ ಪುರುಸೊತ್ತಾಗಿರುವ ದಿನದ ಮುನ್ನಾದಿನ ಮ್ಯಾನೇಜರರು ಡಂಗುರ ಸಾರಿಸಿದ್ದರು. ಹೊರಗಿನವರಾಗಿದ್ದರೆ ಕ್ಷಮಿಸಬಹುದಿತ್ತು. ಇದೇ ತಾಲ್ಲೂಕಿನಲ್ಲಿ ಹುಟ್ಟಿ ಬೆಳೆದ ಮನುಷ್ಯ!

ಬಾಗಿಲು ತೆರೆಯುವ ಹೊತ್ತಿಗೆ ಸಾಲು ರಸ್ತೆಗೆ ಬಂದಿತ್ತು. ಮೊದಲು ನಿಂತಿದ್ದ ಮುದುಕ ರೈತ ಕೇಳಿದ: "ಅಕ್ಕಾರ, ಏನೂ ಆಗಿಲ್ಲಂದ್ರ ಆಟೋ ಯಾಕ ಕಳಿಸಿದ್ರಿ?"

"ನಿಮ್ಮ ರೊಕ್ಕ ಎಲ್ಲಿಗೂ ಹೋಗೂದಿಲ್ರಿ, ಯಜಮಾನ್ರ."

"ಹೌದ್ರಿ. ಅದನ್ನ ಒಮ್ಮೆ ಕೈಯಾಗ ಹಿಡಕೊಂಡು ನೋಡ್ತೇನಿ."

ಇವರಿಗೆ ಏನು ಹೇಳುತ್ತೀರಿ? ಅದೇ ಮಾತನ್ನು ಗಂಟಲು ಕಟ್ಟುವವರೆಗೆ ಹೇಳಿದೆ. ಮಧ್ಯಾಹ್ನದ ಹೊತ್ತಿಗೆ ತಿಜೋರಿ ಬರಿದಾಗುತ್ತ ಬಂತು. ದೊಡ್ಡ ಶಾಖೆಯಿಂದ ಹಣ ತರುವ ಗಾಡಿ ಇನ್ನೂ ಬಂದಿರಲಿಲ್ಲ. ಆಗ ಸಾಲಿನ ನಡುವೆ, ಗೋಡೆಗೆ ಕೈಯೂರಿ ನಿಂತಿದ್ದ ಅವ್ವ ಕಂಡಳು.

ಎದ್ದು ಹೋದೆ. "ನೀನೂ ಬಂದೇನವ್ವಾ?"

"ಬರಲಾರದ ಏನ ಮಾಡ್ಲಿ? ಮುಂದಿನ ವಾರ ವಿಜಯಪುರದಾಗ ಮೊಣಕಾಲಿನ ಆಪರೇಷನ್ ಐತಿ. ಇದೊಂದ ರೊಕ್ಕ ನಂದು."

ಆ ಹಣವನ್ನು ಮನೆಯಲ್ಲಿಡಬೇಡ ಎಂದು ಬೆನ್ನು ಹತ್ತಿ ಇಲ್ಲಿ ಇಡಿಸಿದವಳು ನಾನೇ. "ಮನಿಗೆ ಹೋಗವ್ವಾ, ಏನೂ ಆಗೂದಿಲ್ಲ" ಎಂದೆ.

ಅವ್ವ ನನ್ನ ಮುಖವನ್ನೇ ನೋಡಿದಳು. "ನಿಂದೂ ಇಲ್ಲೇ ಐತಿಲ್ಲ?"

"ಐತಿ."

"ಹಂಗಾರ ನಾ ಯಾಕ ನಿಂದರ್ಲಿ?" ಎಂದವಳು ಸುಮ್ಮನೆ ಹೋಗಲಿಲ್ಲ. "ನನ್ನ ಮಗಳ ರೊಕ್ಕಾನೂ ಇಲ್ಲೇ ಐತಂತ, ನಡೀರಿ ಎಲ್ಲಾರೂ" ಎಂದು ಸಾಲಿಗೆಲ್ಲ ಕೇಳುವಂತೆ ಸಾರಿ, ಕುಂಟುತ್ತ ಹೊರಟಳು. ಅವಳ ಹಿಂದೆ ಅರ್ಧ ಸಾಲು ಕರಗಿತು. ಅಷ್ಟರಲ್ಲಿ ಗಾಡಿಯೂ ಬಂತು.

"ನೋಡಿದ್ರೇನು, ಮೈಕ್ ಹೆಂಗ ಕೆಲಸ ಮಾಡ್ತು!" ಎಂದರು ಮ್ಯಾನೇಜರರು. ಅವರ ತಲೆಗೆ ಲೆಡ್ಜರು ಎತ್ತಿ ಹಾಕಬೇಕೆನಿಸಿತು.

ಆದರೆ ಯಾವ ಮುಖದಿಂದ ಹಾಕಲಿ? ಶನಿವಾರ ಸಂಜೆಯೇ ನನ್ನ ಹಣವನ್ನೆಲ್ಲ ತೆಗೆದು ಅಡಿಗೆಮನೆಯ ಜೋಳದ ಡಬ್ಬಿಯಲ್ಲಿ ಹೂತಿಟ್ಟಿದ್ದೆ. ಸ್ವಂತ ತಾಯಿಗೆ ಒಂದು ಮಾತು ಹೇಳಿರಲಿಲ್ಲ. ಮಂಗಳವಾರ ಅದನ್ನು ಮರಳಿ ಕಟ್ಟಿದೆ. ಕ್ಯಾಶಿಯರು ನೋಟುಗಳ ನಡುವಿನ ಜೋಳದ ಕಾಳು ಆರಿಸಿ ಪಕ್ಕಕ್ಕಿಟ್ಟ.

ಬ್ಯಾಂಕು ಮುಳುಗಲಿಲ್ಲ. ಅವ್ವನ ಆಪರೇಷನ್ನೂ ಆಯಿತು. ಮೂರು ತಿಂಗಳ ಮೇಲೆ, ಕೋಲಿಲ್ಲದೆ ಬ್ಯಾಂಕಿನ ಮೆಟ್ಟಿಲು ಹತ್ತಿ ಬಂದು ಕೌಂಟರಿನ ಮುಂದೆ ನಿಂತವರಿಗೆಲ್ಲ ಹೇಳಿದಳು: "ಅವತ್ತ ನಾ ಆ ಆಟೋದ ಮಾತ ನಂಬಲಿಲ್ರಿ. ನನ್ನ ಮಗಳು ಸುಳ್ಳ ಹೇಳಾಕಿ ಅಲ್ಲ."

ನಾನು ಲೆಡ್ಜರಿನಿಂದ ತಲೆ ಎತ್ತಲಿಲ್ಲ.