ಕರುವಿನ ಹೊಕ್ಕುಳ, ಇಂಜಿನ್ನಿನ ಪೈಪು

ಆ ದಿನಗಳಲ್ಲಿ ಕರೋಶಿಯ ನಮ್ಮ ಮನೆಯಲ್ಲಿ ಗೋಡೆ ಗಡಿಯಾರ ಹಿಂದೆ ಬೀಳುತ್ತಿತ್ತು, ನನ್ನ ಅಜ್ಜ, ಅಂದರೆ ನಮ್ಮ ಮುತ್ಯಾ, ಬೀಳುತ್ತಿರಲಿಲ್ಲ. ಮಿಲಿಟರಿ ಬಿಟ್ಟು ಬಂದು ವರ್ಷಗಳಾಗಿದ್ದರೂ ಐದಕ್ಕೆ ಎದ್ದು, ಆರಕ್ಕೆ ಕೊಟ್ಟಿಗೆ ತಪಾಸಣೆ ಮುಗಿಸುತ್ತಿದ್ದ. ನಾನೂ ಅದೇ ಶಿಸ್ತಿನಲ್ಲಿ ಬೆಳೆದವಳು. ಆದ್ದರಿಂದ ನಡೆದದ್ದನ್ನು ನಡೆದ ಕ್ರಮದಲ್ಲಿಯೇ ಹೇಳುತ್ತೇನೆ.

೧೯೮೬ರ ಶ್ರಾವಣದ ಒಂದು ಭಾನುವಾರ, ಬೆಳಗಿನ ಏಳು ಗಂಟೆ. ಕೊಟ್ಟಿಗೆಯಲ್ಲಿದ್ದವರು ಮುತ್ಯಾ, ಅವ್ವ, ಎಂಟನೆಯ ಇಯತ್ತೆಯಲ್ಲಿ ಓದುತ್ತಿದ್ದ ನಾನು, ನಮ್ಮ ಎಮ್ಮೆ ಮತ್ತು ಅದರ ಎಳೆಗರು. ಕರು ಎದ್ದಿರಲಿಲ್ಲ. ಅದರ ಹೊಕ್ಕುಳಲ್ಲಿ ಹುಳ ಬಿದ್ದಿದ್ದವು. ಕರು ಬಾಯಿ ಹಾಕದಿದ್ದರೆ ಎಮ್ಮೆ ಸೊರ ಬಿಟ್ಟು ಹಾಲು ಇಳಿಸುತ್ತಿರಲಿಲ್ಲ. ಅವ್ವನ ಕೈಯಲ್ಲಿದ್ದ ಚರಿಗೆ ಖಾಲಿಯೇ ಇತ್ತು.

ಹಿಂದಿನ ದಿನ ಮುತ್ಯಾ ಗಾಯಕ್ಕೆ ತಂಬಾಕಿನ ಪುಡಿ ಉದುರಿಸಿದ್ದ. ಹುಳಗಳು ಇನ್ನಷ್ಟು ಒಳಗೆ ಸರಿದು, ಬೆಳಗಾಗುವಷ್ಟರಲ್ಲಿ ಮತ್ತೆ ಮೇಲೆ ಬಂದಿದ್ದವು. ಒದ್ದೆಯಾದ ಮೇವಿನ ಕಣಿಕೆ, ಸಗಣಿ, ತಂಬಾಕಿನ ಘಾಟು, ಕೊಳೆತ ಗಾಯ, ಎಲ್ಲ ವಾಸನೆಯೂ ಒಟ್ಟಿಗೆ ಮೂಗಿಗೆ ಬಡಿಯುತ್ತಿತ್ತು. ಗಾಯದ ಬಾಯಲ್ಲಿ ಜೋಳದ ಕಾಳಿನಂಥ ಬಿಳಿ ತುದಿಗಳು. ಒಂದೊಂದರಲ್ಲೂ ಎರಡು ಕಂದು ಚುಕ್ಕೆ.

“ನೋಡು, ಹ್ಯಾಂಗ ಕಣ್ಣ ಬಿಟ್ಟ ನನ್ನನ್ನ ನೋಡಾಕತ್ತಾವ ಹರಾಮಖೋರ,” ಎಂದ ಮುತ್ಯಾ.

“ನಿಮ್ಮನ್ನ ನೋಡಿ ಹೆದರೋ ಹುಳ ಇನ್ನಾ ಹುಟ್ಟಿಲ್ರಿ ಮಾವಾರ,” ಎಂದಳು ಅವ್ವ. “ಸಂಜೀಕೂ ಹಿಂಗ ಆದ್ರ ಎಮ್ಮಿ ಬತ್ತಿ ಹೋಕ್ಕೈತಿ.”

ಚಿಕ್ಕೋಡಿಯ ದನದ ಡಾಕ್ಟರು ಭಾನುವಾರ ಸಿಗುತ್ತಿರಲಿಲ್ಲ. ಸೋಮವಾರದವರೆಗೆ ಕರು ಉಳಿಯುವ ಲಕ್ಷಣವೂ ಇರಲಿಲ್ಲ.

ಮುತ್ಯಾ ಮುಳ್ಳು ತೆಗೆಯುವ ಚಿಮಟದಿಂದ ಒಂದು ಹುಳ ಎಳೆದ. ನಾನು ಅದನ್ನು ಡಬ್ಬಿಯ ಮುಚ್ಚಳದ ನೀರಿಗೆ ಹಾಕಿ ಬಾಗಿಲ ಬೆಳಕಿಗೆ ಹಿಡಿದೆ. ಹುಳ ತಲೆಕೆಳಗಾಗಿ ನಿಂತಿತು. ಚುಕ್ಕೆಗಳ ತುದಿಯನ್ನು ಮಾತ್ರ ನೀರಿನ ಮೇಲೆ ಎತ್ತಿ ಹಿಡಿದಿತ್ತು. ತೆಳು ಚರ್ಮದೊಳಗೆ, ಆ ಎರಡು ಚುಕ್ಕೆಗಳಿಂದ ಮೈಯುದ್ದಕ್ಕೂ ಎರಡು ಬೆಳ್ಳಿ ಗೆರೆಗಳು ಹರಿದಿದ್ದವು.

ಆ ವಾರವೇ ಶಾಲೆಯಲ್ಲಿ ಮಾಸ್ತರರು ಮಿಡತೆಯ ತಲೆಯನ್ನು ನೀರಿನಲ್ಲಿ ಅದ್ದಿ ಹಿಡಿದಿದ್ದರು. ದಾರ ಕಟ್ಟಿ ಮಿಡತೆ ಆಡಿಸುತ್ತಿದ್ದ ನಾವೆಲ್ಲ ಅದು ಸತ್ತೇ ಹೋಯಿತು ಎಂದುಕೊಂಡಿದ್ದೆವು. ಸಾಯಲಿಲ್ಲ. ಅದು ಉಸಿರಾಡುವುದು ಹೊಟ್ಟೆಯ ಪಕ್ಕದ ತೂತುಗಳಿಂದ.

“ಮುತ್ಯಾ, ಇವು ಕಣ್ಣಲ್ಲೋ. ಮೂಗು.”

“ಕುಂಡ್ಯಾಗ ಮೂಗಾ? ನಿಮ್ಮ ಸಾಲ್ಯಾಗ ಇದನ್ನ ಕಲಸ್ತಾರೇನ ಪೋರಿ?”

ಅವ್ವ ಸೆರಗಿನಲ್ಲಿ ಬಾಯಿ ಮುಚ್ಚಿ ನಕ್ಕಳು. ನಾನು ಬಿಡಲಿಲ್ಲ. ಹುಳಕ್ಕೆ ನಮ್ಮ ಹಾಗೆ ಶ್ವಾಸಕೋಶವಿಲ್ಲ, ಅದರ ರಕ್ತ ಗಾಳಿಯನ್ನು ಹೊರುವುದಿಲ್ಲ. ಈ ಕೊಳವೆಗಳೇ ಕವಲೊಡೆದು, ಕೂದಲಿಗಿಂತ ಸಣ್ಣದಾಗಿ, ಮೈಯ ಮೂಲೆಮೂಲೆಗೂ ಗಾಳಿ ಮುಟ್ಟಿಸುತ್ತವೆ ಎಂದು ಪಾಠ ಒಪ್ಪಿಸಿದೆ. ಕೊಳವೆ ಕುಸಿಯದಂತೆ ಒಳಗೆ ಸುರುಳಿ ಇರುತ್ತದೆ ಎಂದಾಗ ಮುತ್ಯಾ ತಲೆ ಎತ್ತಿದ.

“ನಮ್ಮ ಬಾವಿ ಇಂಜಿನ್ನಿನ ನೀರ ಎಳಿಯೋ ಸಕ್ಷನ್ ಪೈಪಿನ್ಯಾಗ ತಂತಿ ಸುತ್ತಿರತೈತಲ್ಲ, ಹಂಗ?”

“ಹಂಗ.”

“ಅಂದ್ರ ಇವು ಎರಡೂ ಪೈಪಿನ ಬಾಯಾಗಿನ ಫೂಟವಾಲ್?” ಮುತ್ಯಾ ಚುಕ್ಕೆಗಳನ್ನು ತೋರಿಸಿದ. “ಅದಕ್ಕ ಕೆಸರ ಮೆತ್ತಿದ್ರ ಇಂಜಿನ್ ಸತ್ತಂಗ.”

ಮುಚ್ಚಳಕ್ಕೆ ಔಡಲ ಎಣ್ಣೆಯ ಒಂದು ಹನಿ ಬಿಟ್ಟ. ಹುಳ ಒದ್ದಾಡಿತು. ಮುತ್ಯಾ ಎಣ್ಣೆಯ ಬುಡ್ಡಿಯನ್ನೇ ಕೈಗೆ ತೆಗೆದುಕೊಂಡ.

ಆದರೆ ಗಾಯಕ್ಕೆ ಗಾಳಿ ಆಡಬೇಕು, ಕಟ್ಟಬಾರದು ಎಂಬುದು ಮುತ್ಯಾನ ಜೀವಮಾನದ ನೇಮ. ಅದನ್ನು ಮುರಿದು ಅಂದು ಹೊಕ್ಕುಳ ತುಂಬ ಎಣ್ಣೆ ಸುರಿದ. ಅವ್ವ ಎಣ್ಣೆಯಲ್ಲಿ ನೆನೆಸಿದ ಅರಳೆ ಇಟ್ಟು, ಹಳೆಯ ಧೋತರದ ಪಟ್ಟಿಯಿಂದ ಹೊಟ್ಟೆಯ ಸುತ್ತ ಬಿಗಿದಳು. ಸಂಜೆಯವರೆಗೆ ಬಿಚ್ಚುವಂತಿರಲಿಲ್ಲ. ಬಿಚ್ಚಿದರೆ ಹುಳಕ್ಕೆ ಉಸಿರು ಸಿಗುತ್ತಿತ್ತು.

ಮುತ್ಯಾನಿಗೆ ಕಷ್ಟವಾದದ್ದು ಇಲ್ಲಿಯೇ. ತಾಸಿಗೊಮ್ಮೆ ತಪಾಸಣೆ ಮಾಡುವ ಮನುಷ್ಯ. ಹತ್ತಕ್ಕೆ ಬಂದು ಪಟ್ಟಿಗೆ ಕೈ ಹಾಕಿದ.

“ಕೈ ತಗೀರಿ ಮಾವಾರ.”

“ಬರೇ ನೋಡತೀನಿ.”

“ನೀವು ನೋಡಿದ್ರ ಅವಕ್ಕ ಗಾಳಿ ಸಿಗತೈತ್ರಿ. ಎಮ್ಮಿ ಬತ್ತಿದ್ರ ಮುಂಜಾನಿ ಚಾ ಕೇಳಬ್ಯಾಡ್ರಿ.”

ಮುತ್ಯಾ ಕರುವಿಗೆ ಬೆನ್ನು ಮಾಡಿ ಕುಳಿತು ಹಗ್ಗ ಹೊಸೆಯತೊಡಗಿದ. ಮಧ್ಯಾಹ್ನದ ರೊಟ್ಟಿ, ಶೇಂಗಾ ಚಟ್ನಿಯನ್ನೂ ಅಲ್ಲಿಯೇ ತಿಂದ. ತಿರುಗಿ ನೋಡಲಿಲ್ಲ.

ಸಂಜೆ ಪಟ್ಟಿ ಬಿಚ್ಚಿದಾಗ ಅರಳೆಯ ತುಂಬ ಹುಳ. ಉಸಿರಿಗಾಗಿ ಮೇಲೆ ಬಂದು, ಎಣ್ಣೆಯಲ್ಲಿ ಸಿಕ್ಕು ನಿಶ್ಚಲವಾಗಿದ್ದವು. ಉಳಿದವನ್ನು ಮುತ್ಯಾ ಚಿಮಟದಿಂದ ಹೆಕ್ಕಿದ. ಗಾಯವನ್ನು ಬೇವಿನ ನೀರಿನಿಂದ ತೊಳೆದು ಅರಿಷಿಣ ತುಂಬಿದೆವು. ಕರುವನ್ನು ಎತ್ತಿ ಎಮ್ಮೆಯ ಕೆಳಗೆ ನಿಲ್ಲಿಸಿದೆವು. ಮುಂಗಾಲು ನಡುಗಿದವು. ಒಮ್ಮೆ ಕೆಚ್ಚಲಿಗೆ ಗುದ್ದಿ ಮೊಲೆ ಹಿಡಿಯಿತು. ಎಮ್ಮೆ ಕತ್ತು ತಿರುಗಿಸಿ ಅದರ ಬಾಲ ನೆಕ್ಕಿತು. ಅವ್ವನ ಚರಿಗೆಯಲ್ಲಿ ಮೊದಲ ಧಾರೆಯ ಸದ್ದು ಕೇಳಿದಾಗ ಮುತ್ಯಾ, “ಇಂಜಿನ್ ನೀರ ಹಿಡೀತು,” ಎಂದ.

ಮುಂದೆ ನಾನೂ ವಿಜ್ಞಾನ ಶಿಕ್ಷಕಿಯಾದೆ. ಕೀಟದ ಕೊಳವೆಯ ಪಾಠ ಬಂದಾಗಲೆಲ್ಲ ಸಕ್ಷನ್ ಪೈಪಿನ ಉದಾಹರಣೆ ಕೊಡುತ್ತೇನೆ. ಈಚಿನ ವರ್ಷಗಳಲ್ಲಿ ಮಕ್ಕಳು ಮುಖ ಮುಖ ನೋಡಿಕೊಳ್ಳುತ್ತಾರೆ. ಹೊಲಗಳಲ್ಲಿ ಈಗ ನೆಲದಾಳದ ಮೋಟಾರು. ಒಂದು ಗುಂಡಿ ಒತ್ತಿದರೆ ನೀರು. ಗಾಯಕ್ಕೆ ಔಷಧದ ಅಂಗಡಿಯ ಸ್ಪ್ರೇ ಇದೆ, ಅದು ಒಳ್ಳೆಯದೇ. ಆದರೆ ಹುಳವನ್ನು ಬೆಳಕಿಗೆ ಹಿಡಿದು ಅದು ಯಾವ ಕಡೆಯಿಂದ ಉಸಿರಾಡುತ್ತದೆ ಎಂದು ಜಗಳವಾಡಲು ಈಗ ನನ್ನ ಜೊತೆ ಯಾರೂ ಇಲ್ಲ.

ಆ ಭಾನುವಾರ ಸಂಜೆ ಉಳಿದಿದ್ದ ಕೆಲಸ ಒಂದೇ. ಚಿಮಟವನ್ನು ಬಿಸಿನೀರಿನಲ್ಲಿ ತೊಳೆದು, ಒರೆಸಿ, ಬಾಗಿಲ ಪಕ್ಕದ ಮೊಳೆಗೆ ತೂಗುಹಾಕಿದೆ. ಮುತ್ಯಾ ಬಂದು ತಪಾಸಣೆ ಮಾಡಿ ತಲೆದೂಗಿದ. “ಬರೋಬ್ಬರಿ ಐತಿ,” ಎಂದ.